ಹೊರಗಿನವರ ಸಹಿ

ಬಾಲಿಗಂಜ್‌ನ ಕಾಲೇಜಿನಲ್ಲಿ, ಕೆಲಸದಲ್ಲಿರುವವರಿಗೆಂದೇ ಸಂಜೆ ಹೊತ್ತು ಅಕೌಂಟಿಂಗ್‌ನಲ್ಲಿ ಎಂ.ಕಾಂ. ತರಗತಿ ನಡೆಯುತ್ತದೆಂದು ವನಮಾಲಾಗೆ ತಿಳಿದದ್ದು ಮಗಳಿಂದ. ಅನ್ವಿತಾ ಅದೇ ಕಾಲೇಜಿನಲ್ಲಿ ಇಂಗ್ಲಿಷ್ ಆನರ್ಸ್ ಓದುತ್ತಿದ್ದಳು. ನೋಟಿಸ್ ಬೋರ್ಡಿನ ಫೋಟೋ ತೆಗೆದುಕೊಂಡು ಬಂದು ಅಮ್ಮನ ಮುಂದೆ ಹಿಡಿದಳು.

"ದೇಖೋ ಅಮ್ಮ. ನಿಂಗೆ ಅಕೌಂಟ್ಸ್ ಅಂದ್ರೆ ಇಷ್ಟ ಅಲ್ವಾ? ಏಜ್ ಲಿಮಿಟ್ ಕೂಡ ಇಲ್ಲ."

ಅನ್ವಿತಾ ಅರ್ಧ ತಮಾಷೆಗೇ ಹೇಳಿದ್ದು. ವನಮಾಲಾ ಕೈ ಒರೆಸಿಕೊಂಡು ಫೋನು ತೆಗೆದುಕೊಂಡಳು, ಅಕ್ಷರಗಳನ್ನು ದೊಡ್ಡದು ಮಾಡಿ ಮೊದಲಿನಿಂದ ಕೊನೆಯವರೆಗೆ ಓದಿದಳು, ಆಮೇಲೆ ಇನ್ನೊಮ್ಮೆ ಓದಿದಳು.

ಅವಳು ಕುಂದಾಪುರದಲ್ಲಿ ಬಿ.ಕಾಂ. ಮುಗಿಸಿದ ವರ್ಷವೇ ವಿಷ್ಣುಮೂರ್ತಿಯ ಜೊತೆ ಮದುವೆಯಾಗಿ ಕೋಲ್ಕತ್ತಕ್ಕೆ ಬಂದವಳು. ಲೇಕ್ ಮಾರ್ಕೆಟ್ಟಿನ ಹತ್ತಿರ ವಿಷ್ಣುಮೂರ್ತಿಗೆ ತಂದೆಯ ಕಾಲದ ಹೋಟೆಲು. ಬೆಳಿಗ್ಗೆ ಇಡ್ಲಿ, ದೋಸೆ, ಸಂಜೆ ಗೋಳಿಬಜೆ, ಹಬ್ಬ ಮದುವೆಗಳಿಗೆ ಅಡುಗೆ ವಹಿಸಿಕೊಳ್ಳುವ ಕೆಲಸವೂ ಉಂಟು. ವಿಷ್ಣುಮೂರ್ತಿಗೆ ಗಿರಾಕಿಗಳ ಮುಖ, ಅವರ ಮಕ್ಕಳ ಹೆಸರು, ಯಾರಿಗೆ ಕಾಫಿಗೆ ಸಕ್ಕರೆ ಬೇಡ ಎನ್ನುವುದೆಲ್ಲ ನೆನಪಿರುತ್ತಿತ್ತು. ಬಿಲ್ಲುಗಳು ಮಾತ್ರ ಕೈಗೆ ಒಗ್ಗುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ವನಮಾಲಾ ಸುಮ್ಮನೆ ಸಹಾಯಕ್ಕೆಂದು ಕೂತಳು. ಅಲ್ಲಿಂದ ಇಲ್ಲಿಯವರೆಗೆ ಹೋಟೆಲಿನ ಲೆಕ್ಕವೆಲ್ಲ ಅವಳದೇ. ವ್ಯಾಟ್ ಹೋಗಿ ಜಿ.ಎಸ್.ಟಿ. ಬಂದಾಗ ಹೊಸ ನಿಯಮಗಳನ್ನು ಓದಿ ಅರ್ಥ ಮಾಡಿಕೊಂಡದ್ದೂ ಅವಳೇ.

ಸೇರುವುದಕ್ಕೆ ಏನೇನು ಬೇಕೆಂದು ನೋಟಿಸಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಬಿ.ಕಾಂ.ನಲ್ಲಿ ಶೇಕಡಾ ಐವತ್ತು ಅಂಕ ಬೇಕು, ಅದು ಅವಳಲ್ಲಿತ್ತು. ಪದವಿಯಲ್ಲಿ ಸಂಖ್ಯಾಶಾಸ್ತ್ರ ಓದಿರಬೇಕು, ಅದು ಇರಲಿಲ್ಲ. ಆಗ ಅದರ ಬದಲು ಬೇರೊಂದು ವಿಷಯ ತೆಗೆದುಕೊಳ್ಳಬಹುದಿತ್ತು, ಗೆಳತಿಯರೆಲ್ಲ ತೆಗೆದುಕೊಂಡದ್ದನ್ನೇ ಅವಳೂ ತೆಗೆದುಕೊಂಡಿದ್ದಳು. ಅಂಥವರು ಮೊದಲ ವರ್ಷದಲ್ಲಿ ಸಂಖ್ಯಾಶಾಸ್ತ್ರದ ಪರೀಕ್ಷೆಯೊಂದನ್ನು ಹೆಚ್ಚಿಗೆ ಪಾಸು ಮಾಡಿದರೆ ಸಾಕಿತ್ತು. ಮಾಡದಿದ್ದರೆ ಸೀಟು ಹೋಗುತ್ತದೆ. ಅವಳು ಸಿಕ್ಕಿಕೊಂಡದ್ದು ನೋಟಿಸಿನ ಕೊನೆಯ ಸಾಲಿನಲ್ಲಿ. ಆರು ತಿಂಗಳಾದರೂ ಲೆಕ್ಕಪತ್ರದ ಕೆಲಸ ಮಾಡಿದ ಅನುಭವ ಬೇಕು, ಆ ಕೆಲಸವನ್ನು ಕಣ್ಣಾರೆ ಕಂಡವರೊಬ್ಬರು ಅದಕ್ಕೆ ಪತ್ರ ಬರೆದು ಸಹಿ ಹಾಕಬೇಕು.

"ಅದಕ್ಕೆಂತ, ನಾನು ಬರೆದು ಕೊಡ್ತೇನೆ," ಎಂದ ವಿಷ್ಣುಮೂರ್ತಿ. "ಹೋಟೆಲಿನ ಸೀಲೂ ಹಾಕುವ." ಹೆಂಡತಿ ಈಗ ಕಾಲೇಜಿಗೆ ಹೋಗುವುದು ಯಾಕೆಂದು ಅವನಿಗೆ ಪೂರ್ತಿ ಅರ್ಥವಾಗಿರಲಿಲ್ಲ. ಆದರೆ ಬೇಡ ಎನ್ನುವ ಮನುಷ್ಯನಲ್ಲ.

"ಆಗಲ್ಲ ಅಪ್ಪ," ಎಂದಳು ಅನ್ವಿತಾ. "ರಿಲೇಟಿವ್ಸ್ ಬರೆದ್ರೆ ನಹೀ ಚಲೇಗಾ. ಕ್ಲಿಯರ್ ಆಗಿ ಲಿಖಾ ಹೈ."

ಮರುದಿನ ಕಾಲೇಜಿನ ಆಫೀಸಿನಲ್ಲಿ ವಿಚಾರಿಸಿದಾಗಲೂ ಅದೇ ಉತ್ತರ ಬಂತು. ಕೌಂಟರಿನ ಹೆಂಗಸು ಒರಟಾಗಿ ಮಾತಾಡಲಿಲ್ಲ. ಕನ್ನಡಕ ತೆಗೆದಿಟ್ಟು ಹಿಂದಿಯಲ್ಲಿ ನಿಧಾನವಾಗಿ ವಿವರಿಸಿದಳು. ಗಂಡ, ಅಣ್ಣ, ಮಾವ ಯಾರೂ ನಡೆಯುವುದಿಲ್ಲ. ಹೊರಗಿನವರೊಬ್ಬರು ಬೇಕು. ಇಷ್ಟು ವರ್ಷ ಮಾಡಿದ್ದೀರಿ ಎಂದಮೇಲೆ ಒಬ್ಬರಾದರೂ ನೋಡಿರುತ್ತಾರಲ್ಲ?

ಆಟೋದಲ್ಲಿ ವಾಪಸು ಬರುವಾಗ ವನಮಾಲಾ ಅದನ್ನೇ ಯೋಚಿಸಿದಳು. ಹೋಟೆಲಿನ ಹಿಂದಿನ ಕೋಣೆಯಲ್ಲಿ, ಅಕ್ಕಿ ಮೂಟೆಗಳ ಪಕ್ಕ, ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಅವಳು ಕೂರುತ್ತಿದ್ದಳು. ಅಲ್ಲಿಗೆ ಬರುವವರು ಮನೆಯವರು ಮತ್ತು ಅಡುಗೆಯವರು. ಯಾರು ನೋಡಿದ್ದಾರೆ?

ಒಬ್ಬರೇ ನೆನಪಾದರು. ಹೋಟೆಲಿನ ಆಡಿಟರ್ ಭಾದುರಿ ಬಾಬು. ಕಸ್ಬಾದಲ್ಲಿ ಆಫೀಸು. ಅವಳು ಬರೆದ ಒಂದೊಂದು ಅಂಕಿಯೂ ಅವರ ಕಣ್ಣಿನ ಕೆಳಗೆ ಹಾದುಹೋಗಿದೆ. ಮನೆಗೆ ಬಂದಾಗ "ಬೌದಿ, ನಿಮ್ಮ ಕಾಫಿಗಾಗಿಯೇ ಬಂದೆ," ಎಂದು ಅತ್ತಿಗೆಯೆಂದೇ ಕರೆಯುವ ವಿಶ್ವಾಸವೂ ಇತ್ತು. ಅಂದೇ ಫೋನು ಮಾಡಿದಳು.

ಅವರು ಎಲ್ಲವನ್ನೂ ಕೇಳಿಸಿಕೊಂಡರು. ಎಂ.ಕಾಂ. ಮಾಡುವ ಯೋಚನೆ ಬಹಳ ಒಳ್ಳೆಯದು ಎಂದರು. ಆಮೇಲೆ, "ಬೌದಿ, ಬೇಜಾರಾಗಬೇಡಿ. ನಾನು ಇಷ್ಟು ವರ್ಷ ನೋಡಿದ್ದು ವಿಷ್ಣುದಾ ಅವರ ಲೆಕ್ಕ. ನೀವು ಜೊತೆಯಲ್ಲಿ ಸಹಾಯ ಮಾಡಿರಬಹುದು. ಆದರೆ ನಾನು ಕಾಣದ್ದಕ್ಕೆ ಸಹಿ ಹಾಕುವುದು ಹೇಗೆ? ನನ್ನ ಕಸುಬೇ ಅದು," ಎಂದರು.

"ಪರವಾಗಿಲ್ಲ ದಾದಾ," ಎಂದು ವನಮಾಲಾ ಫೋನಿಟ್ಟಳು.

ಭಾದುರಿ ಬಾಬು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಪ್ರತಿ ತಿಂಗಳು ಕಡತಗಳನ್ನು ಕಸ್ಬಾಕ್ಕೆ ಒಯ್ಯುತ್ತಿದ್ದವನು ವಿಷ್ಣುಮೂರ್ತಿ. ಅಲ್ಲಿ ಏನಾದರೂ ಪ್ರಶ್ನೆ ಬಂದರೆ "ನೋಡಿ ನಾಳೆ ಹೇಳ್ತೇನೆ" ಎಂದು ಬಂದು, ಮನೆಯಲ್ಲಿ ಹೆಂಡತಿಯನ್ನು ಕೇಳಿ, ಮರುದಿನ ಫೋನಿನಲ್ಲಿ ಹೇಳುತ್ತಿದ್ದ. ಭಾದುರಿ ಬಾಬು ಅದನ್ನು ಎಚ್ಚರಿಕೆಯ ಸ್ವಭಾವ ಎಂದುಕೊಂಡಿದ್ದರು. ಒಂದು ವರ್ಷ, ದುರ್ಗಾಪೂಜೆಯ ನಂತರ ವ್ಯಾಪಾರಿಗಳು ಸೇರುವ ಬಿಜೊಯಾ ಕೂಟದಲ್ಲಿ, ಇಡೀ ಮಾರ್ಕೆಟ್ಟಿನಲ್ಲಿ ಇಷ್ಟು ಅಚ್ಚುಕಟ್ಟಾಗಿ ಲೆಕ್ಕ ಇಡುವವರು ಇನ್ನೊಬ್ಬರಿಲ್ಲ ಎಂದು ವಿಷ್ಣುಮೂರ್ತಿಯನ್ನು ಎಲ್ಲರ ಎದುರು ಹೊಗಳಿದ್ದರು. ವಿಷ್ಣುಮೂರ್ತಿ ನಕ್ಕು ಕೈಮುಗಿದಿದ್ದ. ವನಮಾಲಾ ಎರಡು ಸಾಲು ಹಿಂದೆ ಸಂದೇಶ್ ಮಿಠಾಯಿ ತಿನ್ನುತ್ತ ಕೂತಿದ್ದಳು. ಆಗ ಅವಳಿಗೆ ಏನೂ ಅನಿಸಿರಲಿಲ್ಲ. ಹೋಟೆಲಿನ ಹೆಸರು ಬಂತಲ್ಲ ಎಂದು ಸಂತೋಷವೇ ಆಗಿತ್ತು.

ಭಾದುರಿ ಬಾಬು ಏನಂದರು ಎಂದು ವಿಷ್ಣುಮೂರ್ತಿ ಕೇಳಿದಾಗ, ಅವಳು ಅವರ ಮಾತನ್ನು ಇದ್ದ ಹಾಗೆ ಹೇಳಿದಳು. ಏನನ್ನೂ ಸೇರಿಸಲಿಲ್ಲ. ವಿಷ್ಣುಮೂರ್ತಿ "ಹಾಂ" ಎಂದು ಎದ್ದು ಗಲ್ಲಾಕ್ಕೆ ಹೋದ. ಆ ದಿನ, ಮರುದಿನ, ಅದರ ಬಗ್ಗೆ ಮಾತೇ ಬರಲಿಲ್ಲ. ಅರ್ಜಿಯ ಕೊನೆಯ ದಿನ ಹತ್ತಿರ ಬರುತ್ತಿತ್ತು. ಈ ವರ್ಷಕ್ಕೆ ಬಿಟ್ಟುಬಿಡುವುದೆಂದು ವನಮಾಲಾ ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಿದ್ದಳು. ಆದರೆ ಆ ದಿನಗಳಲ್ಲಿ ಲೆಕ್ಕಕ್ಕೆ ಕೂತಾಗಲೆಲ್ಲ ಕೈ ನಿಧಾನವಾಗುತ್ತಿತ್ತು.

ಶನಿವಾರ ಬೆಳಗಿನ ತಿಂಡಿಯ ಹೊತ್ತು ಕಳೆಯುತ್ತಿದ್ದಂತೆ ವಿಷ್ಣುಮೂರ್ತಿ ಒಳಗೆ ಬಂದ. "ಸೀರೆ ಬದಲಿಸಿಕೊ. ಕಸ್ಬಾಕ್ಕೆ ಹೋಗ್ಲಿಕ್ಕುಂಟು."

"ಎಂತಕ್ಕೆ?"

"ಹೋಗುವ. ಬಾ."

ಗರಿಯಾಹಾಟ್‌ನಲ್ಲಿ ಆಟೋ ಬದಲಿಸಿ ಇಬ್ಬರೂ ಕಸ್ಬಾ ತಲುಪಿದರು. ಆಫೀಸಿನ ಮೆಟ್ಟಿಲು ಹತ್ತುವಾಗ ಅವನು ಒಮ್ಮೆ ನಿಂತು, ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡ.

ಭಾದುರಿ ಬಾಬು ಖುಷಿಯಿಂದ ಬರಮಾಡಿಕೊಂಡು ಚಹಾ ಹೇಳಿದರು. ಅವರ ಮತ್ತು ವಿಷ್ಣುಮೂರ್ತಿಯ ಮಾತು ಯಾವಾಗಲೂ ಹಿಂದಿ, ಬಂಗಾಳಿ ಕಲಸಿದ್ದು. ಚಹಾ ಬರುವವರೆಗೂ ಅವನು ಕಾಯಲಿಲ್ಲ.

"ದಾದಾ, ಹೋಟೆಲಿನ ಲೆಕ್ಕ ನಾನು ಬರೆದದ್ದಲ್ಲ. ಒಂದು ದಿನವೂ ಬರೆದಿಲ್ಲ. ಶುರುವಿನಿಂದ ಇವಳೇ. ನಾನು ತಂದು ಕೊಡುತ್ತಿದ್ದೆ, ಅಷ್ಟೇ. ನೀವು ಪ್ರಶ್ನೆ ಕೇಳಿದಾಗ ಮನೆಗೆ ಹೋಗಿ ಇವಳನ್ನು ಕೇಳಿ ಹೇಳುತ್ತಿದ್ದೆ."

ಭಾದುರಿ ಬಾಬು ಇಬ್ಬರ ಮುಖವನ್ನೂ ನೋಡಿದರು. "ಹೌದಾ ಬೌದಿ?"

"ಹೌದು," ಎಂದಳು ವನಮಾಲಾ. ಗಂಡ ಹೀಗೆ ಹೇಳುತ್ತಾನೆಂದು ಅವಳು ಎಣಿಸಿರಲಿಲ್ಲ. ಅವನ ಕಿವಿ ಕೆಂಪಾಗಿದ್ದನ್ನು ಕಂಡು, ಬೇರೆ ಕಡೆ ನೋಡಿದಳು.

"ಬಿಜೊಯಾ ಕೂಟದಲ್ಲಿ ನಾನು ನಿಮ್ಮನ್ನು ಹೊಗಳಿದೆನಲ್ಲ, ವಿಷ್ಣುದಾ. ಆಗ ಹೇಳಬಹುದಿತ್ತು."

"ಹೇಳಬಹುದಿತ್ತು. ಜನ ಚಪ್ಪಾಳೆ ತಟ್ಟಿದ್ರು. ಚಂದ ಅನಿಸ್ತು."

ಭಾದುರಿ ಬಾಬು ನಗಲಿಲ್ಲ. ಚಹಾ ಬಂತು. ಅವರು ಬಿಸ್ಕತ್ತನ್ನು ಅದ್ದಿ ತಿಂದರು. ನೊಂದಿದ್ದಾರೆಂದು ಕಾಣುತ್ತಿತ್ತು.

"ನಿಮ್ಮ ಮಾತನ್ನು ನಂಬುತ್ತೇನೆ," ಎಂದರು ಕೊನೆಗೆ. "ಆದರೆ ಇಂದು ಪತ್ರ ಬರೆದರೆ ಅದೂ ನಿಮ್ಮ ಮಾತಿನ ಮೇಲೆ ಬರೆದದ್ದಾಗುತ್ತದೆ. ಮೊದಲು ನಂಬಿದ್ದೂ ನಿಮ್ಮ ಮಾತನ್ನೇ ಅಲ್ಲವಾ? ನಾನು ಬೌದಿಯ ಕೆಲಸ ಕಂಡಿಲ್ಲ. ಕಾಣಬೇಕು. ನನ್ನ ಆಫೀಸಿನಲ್ಲಿ ಒಂದು ಜಾಗ ಖಾಲಿ ಇದೆ. ಬಂದು ಕೆಲಸ ಮಾಡಲಿ. ಮುಂದಿನ ವರ್ಷ ಅರ್ಜಿ ಕರೆದಾಗ, ಕಂಡದ್ದನ್ನು ಬರೆಯುತ್ತೇನೆ. ಒಳ್ಳೆಯದಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಇಲ್ಲ."

"ಒಂದು ವರ್ಷ ಹೋಗ್ತದಲ್ಲ ದಾದಾ," ಎಂದು ವಿಷ್ಣುಮೂರ್ತಿ ಶುರು ಮಾಡಿದ. "ಮತ್ತೆ ಹೋಟೆಲಿನ ಲೆಕ್ಕ..."

"ಸೋಮವಾರ ಎಷ್ಟು ಗಂಟೆಗೆ ಬರಬೇಕು?" ಎಂದು ಕೇಳಿದಳು ವನಮಾಲಾ.

ಮೊದಲ ವಾರಗಳು ಸುಲಭವಾಗಿರಲಿಲ್ಲ. ಆಫೀಸಿನಲ್ಲಿ ಎಲ್ಲ ಕಂಪ್ಯೂಟರಿನಲ್ಲೇ. ಅವಳಿಗೆ ಗೊತ್ತಿದ್ದದ್ದು ಒಂದು ಹೋಟೆಲಿನ ವ್ಯವಹಾರ ಮಾತ್ರ. ಇಲ್ಲಿ ಔಷಧದಂಗಡಿ, ಸೀರೆ ಅಂಗಡಿ, ಲಾರಿ ಮಾಲೀಕರು, ಒಬ್ಬೊಬ್ಬರದು ಒಂದೊಂದು ರೀತಿ. ಪಕ್ಕದ ಮೇಜಿನ ಸ್ಫೂರ್ತಿ ಎಂಬ ಬೆಂಗಳೂರಿನ ಹುಡುಗಿ, ಸಿ.ಎ. ತರಬೇತಿಗೆ ಬಂದವಳು, ಬಿಡುವಿನಲ್ಲಿ ಕಲಿಸಿಕೊಟ್ಟಳು. "ಆಂಟಿ, ಭಯ ಬೀಳ್ಬೇಡಿ, ಏನೂ ಡಿಲೀಟ್ ಆಗಲ್ಲ. ಆದ್ರೂ ವಾಪಸ್ ತರಬಹುದು," ಎನ್ನುತ್ತಿದ್ದಳು. ಎರಡು ಸಲ ವನಮಾಲಾ ತಪ್ಪು ಮಾಡಿದಳು. ಭಾದುರಿ ಬಾಬು ಎರಡು ಸಲವೂ ಕರೆದು, ಎಲ್ಲಿ ತಪ್ಪಿತೆಂದು ಅವಳಿಂದಲೇ ಹುಡುಕಿಸಿದರು. ಚಳಿಗಾಲದ ಹೊತ್ತಿಗೆ ಆಫೀಸಿನವರು ಅವಳನ್ನು ಬೌದಿ ಎನ್ನುವುದನ್ನು ಬಿಟ್ಟು, ಅಕ್ಕ ಎಂಬಂತೆ ದಿದಿ ಎನ್ನತೊಡಗಿದ್ದರು. ಯಾರ ಹೆಂಡತಿ ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ.

ಹೋಟೆಲಿನ ಲೆಕ್ಕ ಈಗ ವಿಷ್ಣುಮೂರ್ತಿಯ ಪಾಲಿಗೆ ಬಂತು. "ಇದನ್ನು ನಾನೇ ಮಾಡ್ತೇನೆ. ನೀನು ಕೈ ಹಾಕ್ಬೇಡ," ಎಂದು ಹಟ ಹಿಡಿದ. ಮೊದಲ ತಿಂಗಳು ಅವನು ಕಡತ ಹಿಡಿದು ಕಸ್ಬಾಕ್ಕೆ ಬಂದಾಗ, ಭಾದುರಿ ಬಾಬು ಒಳಗಿನಿಂದಲೇ "ಬೌದಿಯ ಮೇಜಿಗೆ ಕೊಡಿ" ಎಂದರು.

ವನಮಾಲಾ ಕಾಗದಗಳನ್ನು ತಿರುವಿದಳು. "ಗ್ಯಾಸಿನ ಬಿಲ್ಲು ಎರಡು ಸಲ ಬರೆದಿದ್ದೀರಲ್ಲ. ತೆಂಗಿನಕಾಯಿಯವನದು ಇಲ್ಲವೇ ಇಲ್ಲ. ಎಲ್ಲಿ?"

ವಿಷ್ಣುಮೂರ್ತಿ ಅಭ್ಯಾಸಬಲದಿಂದ, "ನೋಡಿ ನಾಳೆ ಹೇಳ್ತೇನೆ," ಎಂದ.

"ಯಾರನ್ನು ಕೇಳಿ ಹೇಳ್ತೀರಿ?"

ಅವನಿಗೆ ನಗು ತಡೆಯಲಾಗಲಿಲ್ಲ. ಅವಳಿಗೂ. ಅಂಗಡಿಗಳ ಕಡತಗಳ ನಡುವೆ ಗಂಡ ಹೆಂಡತಿ ಹಾಗೆ ನಗುವುದನ್ನು ಸ್ಫೂರ್ತಿ ಅಚ್ಚರಿಯಿಂದ ನೋಡಿದಳು. ಕ್ರಮೇಣ ವಿಷ್ಣುಮೂರ್ತಿಯೂ ಕಲಿತ. ಅವನ ಬರಹ ಓರೆಯಾಗಿರುತ್ತಿತ್ತು, ಆದರೆ ಬಿಲ್ಲುಗಳು ತಪ್ಪುತ್ತಿರಲಿಲ್ಲ.

ಮುಂದಿನ ವರ್ಷ ಅರ್ಜಿ ಕರೆದಾಗ ಭಾದುರಿ ಬಾಬು ಪತ್ರ ಬರೆದು, ಲಕೋಟೆಗೆ ಹಾಕುವ ಮುಂಚೆ ಅವಳಿಗೇ ಓದಲು ಕೊಟ್ಟರು. ಅರ್ಧ ಪುಟವೂ ಇರಲಿಲ್ಲ. ಯಾವ ಯಾವ ಕೆಲಸ ಮಾಡಿದ್ದಾಳೆ, ಎಲ್ಲಿ ತಪ್ಪಿದ್ದಾಳೆ, ತಪ್ಪಿದಾಗ ಹೇಗೆ ತಿದ್ದಿಕೊಂಡಿದ್ದಾಳೆ ಎಂದಷ್ಟೇ ಇತ್ತು. ಹೊಗಳಿಕೆಯ ಒಂದು ಮಾತೂ ಇರಲಿಲ್ಲ. ವನಮಾಲಾ ಅದನ್ನು ಎರಡು ಸಲ ಓದಿದಳು. ತನ್ನ ಕೆಲಸವನ್ನು ಬೇರೊಬ್ಬರ ಅಕ್ಷರದಲ್ಲಿ ಅವಳು ಓದಿದ್ದು ಅದೇ ಮೊದಲು.

ಸಂದರ್ಶನದಲ್ಲಿ ಮೂವರಿದ್ದರು. ಅವರಲ್ಲಿ ಹಿರಿಯರಾದ ಪ್ರಾಧ್ಯಾಪಕಿ ಕೇಳಿದರು, "ಕೆಲಸ ನಿಮಗೆ ಗೊತ್ತೇ ಇದೆ. ಮತ್ತೆ ಪದವಿ ಯಾಕೆ?"

ವನಮಾಲಾ ಹಿಂದಿಯಲ್ಲಿ ಯೋಚಿಸಿ ಯೋಚಿಸಿ ಹೇಳಿದಳು. "ಹೇಗೆ ಮಾಡಬೇಕೆಂದು ಗೊತ್ತು, ಮೇಡಂ. ಯಾಕೆ ಹಾಗೆ ಮಾಡಬೇಕೆಂದು ಯಾರೂ ಹೇಳಿಕೊಟ್ಟಿಲ್ಲ. ಕೇಳಲಿಕ್ಕೂ ಯಾರೂ ಇರಲಿಲ್ಲ."

"ಮುಗಿಸಿದ ಮೇಲೆ?"

"ಅದು ಗೊತ್ತಿಲ್ಲ. ಮೊದಲು ಸಂಖ್ಯಾಶಾಸ್ತ್ರ ಪಾಸಾಗಬೇಕು."

ಮೂವರೂ ನಕ್ಕರು. ವಾರದಲ್ಲಿ ಸೀಟು ಸಿಕ್ಕಿತು, ಅದೇ ಷರತ್ತಿನ ಮೇಲೆ. ಸಂಖ್ಯಾಶಾಸ್ತ್ರ ಮೊದಲ ಸಲ ಕೈಕೊಟ್ಟಿತು. ಅನ್ವಿತಾ ಫಲಿತಾಂಶ ನೋಡಿ ಅಮ್ಮನಿಗೆ ಹೇಗೆ ಹೇಳುವುದೆಂದು ತೋಚದೆ ನಿಂತಿದ್ದಾಗ, ವನಮಾಲಾ ತಾನೇ ಇಣುಕಿ ನೋಡಿ, "ಇಷ್ಟು ಬಂದದ್ದೇ ಹೆಚ್ಚು," ಎಂದು ಮತ್ತೆ ಓದಲು ಕೂತಳು. ವರ್ಷ ಮುಗಿಯುವ ಮುಂಚೆ ಎರಡನೇ ಸಲ ಬರೆದು ಪಾಸಾದಳು. ಸೀಟು ಉಳಿಯಿತು.

ಎರಡನೇ ವರ್ಷದ ಒಂದು ಸಂಜೆ ತರಗತಿಯಲ್ಲಿ, ಒಂದೇ ವ್ಯಾಪಾರದಲ್ಲಿ ಎರಡು ಬಗೆಯ ಕೆಲಸ ನಡೆಯುವಾಗ ಖರ್ಚನ್ನು ಹೇಗೆ ಹಂಚಬೇಕೆಂದು ಪಾಠ ನಡೆಯಿತು. ವನಮಾಲಾ ಬರೆದುಕೊಳ್ಳುತ್ತಿದ್ದವಳು ಪೆನ್ನು ಕೆಳಗಿಟ್ಟಳು. ಅವಳು ಮದುವೆಮನೆಯ ಅಡುಗೆಯ ಗ್ಯಾಸು, ಅಡುಗೆಯವರ ಸಂಬಳ ಎಲ್ಲವನ್ನೂ ಹೋಟೆಲಿನ ಖರ್ಚಿಗೇ ಸೇರಿಸಿಕೊಂಡು ಬಂದಿದ್ದಳು. ತೆರಿಗೆಗೆ ಅದರಿಂದ ಏನೂ ವ್ಯತ್ಯಾಸವಿರಲಿಲ್ಲ, ಭಾದುರಿ ಬಾಬುವೂ ಕೇಳಿರಲಿಲ್ಲ. ಆದರೆ ಮದುವೆ ಅಡುಗೆಯ ಲಾಭ ಇದ್ದದ್ದಕ್ಕಿಂತ ಹೆಚ್ಚು ಕಂಡು, ಯಾವ ಕೆಲಸ ತಮ್ಮನ್ನು ಸಾಕುತ್ತಿದೆ ಎಂಬ ಲೆಕ್ಕ ಅಷ್ಟು ವರ್ಷವೂ ತಲೆಕೆಳಗಾಗಿತ್ತು. ಅವಳಿಗೆ ನಾಚಿಕೆಯಾಗಲಿಲ್ಲ. ಒಂದು ಬಗೆಯ ಹುರುಪು ಬಂತು. ಗರಿಯಾಹಾಟ್‌ವರೆಗೆ ನಡೆದೇ ಬಂದಳು.

ಮನೆಯಲ್ಲಿ ವಿಷ್ಣುಮೂರ್ತಿ ಬಡಿಸುತ್ತಿದ್ದಾಗ ವಿಷಯ ಹೇಳಿದಳು.

"ಹಾಗಾದ್ರೆ ಮದುವೆ ಅಡುಗೆಯಲ್ಲಿ ನಮಗೆ ಲಾಭ ಇಲ್ಲವಾ?" ಅವನ ಸೌಟು ಗಾಳಿಯಲ್ಲೇ ನಿಂತಿತು.

"ಇರಬಹುದು, ನಾವು ಅಂದುಕೊಂಡಷ್ಟಿಲ್ಲ. ದೋಸೆಯೇ ನಮ್ಮನ್ನು ಸಾಕಿದ್ದು ಅಂತ ಕಾಣ್ತದೆ."

"ಮದುವೆ ಅಡುಗೆಯೇ ನಮ್ಮನ್ನು ಸಾಕುವುದು ಅಂತ ಅಪ್ಪ ಯಾವಾಗ್ಲೂ ಹೇಳ್ತಿದ್ರು."

"ಅವರೂ ಲೆಕ್ಕ ಬಿಡಿಸಿ ನೋಡಿರ್ಲಿಲ್ಲ," ಎಂದಳು ವನಮಾಲಾ. "ಆದಿತ್ಯವಾರ ಕೂತ್ಕೊಳ್ಳುವ, ಇಬ್ಬರೂ. ಸಾರು ಹಾಕಿ."