ಹನ್ನೊಂದನೆಯ ಕಾರ್ಡು

ತ್ರಿಪುರಸುಂದರಮ್ಮನವರು ನಡೆಯುವಾಗ ಹೆಜ್ಜೆ ಎಣಿಸುತ್ತಿದ್ದರು. ಸೀರೆಯ ಮೇಲೆ ಗಂಡಸರ ಕಂದು ಸ್ವೆಟರು ತೊಟ್ಟು, ತುಟಿಯಲ್ಲೇ ಲೆಕ್ಕ ಹಾಕುತ್ತ, ಕೊಪ್ಪದ ವಕೀಲರ ಬೀದಿಯನ್ನು ಈ ಅಂಚಿನಿಂದ ಆ ಅಂಚಿಗೆ ಅಳೆಯುವ ಅರವತ್ತೆಂಟರ ಆ ಕೃಶಾಂಗಿಯನ್ನು ಕಂಡರೆ ಜೀಪಿನವರೂ ಹಾರ್ನ್ ಒತ್ತದೆ ಕಾಯುತ್ತಿದ್ದರು.

ಸ್ವೆಟರಿನ ಜೇಬಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ, ಸದಾ ಹನ್ನೊಂದು ಅಂಚೆಕಾರ್ಡುಗಳು. ಎಪ್ಪತ್ತು ವರ್ಷದ ಹಿಂದೆ ಯಾರೋ ಫೋಟೋಗ್ರಾಫರು ಸ್ಥಿತಿವಂತರ ಈ ಬೀದಿಯನ್ನು ಮನೆಮನೆಯಾಗಿ ತೆಗೆದು ಅಚ್ಚುಹಾಕಿಸಿದ್ದ ಚಿತ್ರಗಳವು. ಡ್ರಾಯಿಂಗ್ ಮೇಡಂ ಆಗಿ ನಿವೃತ್ತರಾದ ಮೇಲೆ ಶೃಂಗೇರಿ, ನರಸಿಂಹರಾಜಪುರಗಳ ನೆಂಟರ ಟ್ರಂಕುಗಳನ್ನೆಲ್ಲ ಜಾಲಾಡಿ ಅವನ್ನು ಕೂಡಿಸಿದ್ದರು. ಯಾವ ವಾದಕ್ಕೂ ಅವರದು ಒಂದೇ ಪಲ್ಲವಿ: “ಅದಿರ್ಲಿ, ಚಿತ್ರ ಎಂತ ಹೇಳ್ತದೆ?”

೨೦೦೪ರ ಒಂದು ಬೆಳಿಗ್ಗೆ, ಕೆಳಗಿನ ಕೇರಿಯಿಂದ ಹೂವು ತರುವ ಭೈರಮ್ಮ ಏದುಸಿರು ಬಿಡುತ್ತ ಬಂದು ಅವರ ಮೆಟ್ಟಿಲ ಮೇಲೆ ಕುಸಿದಳು. “ಓಣಿಗೆ ಗೇಟು ಹಾಕಿ ಬೀಗ ಜಡಿದಾರೆ ಅಮ್ಮ. ದಿಬ್ಬ ಸುತ್ತಿ ಬಂದೆ. ಈ ಮಂಡಿಯಲ್ಲಿ ದಿನಾ ಆಗದಿಲ್ಲ.”

ಹಾಕಿಸಿದವರು ಎದುರು ಮನೆಯ ವಿಘ್ನೇಶ್ವರ. ಕೆಳಗಿನ ಕೇರಿಯಿಂದ ಬೀದಿಗೆ ಹತ್ತುವ ಆ ಓಣಿ ತಮ್ಮ ಹಿತ್ತಲಿಗೇ ಸೇರಿದ್ದೆಂದು ಅವರ ವಾದ. ಆರನೆಯ ಕಾರ್ಡಿನಲ್ಲಾದರೋ ಅದೇ ಓಣಿಯಿಂದ ಬುಟ್ಟಿ ಹೊತ್ತ ಹೆಂಗಸೊಬ್ಬಳು ಬೀದಿಗೆ ಕಾಲಿಡುತ್ತಿದ್ದಳು.

ಅಂದಿನಿಂದ ಪ್ರತಿ ಸೋಮವಾರ ತ್ರಿಪುರಸುಂದರಮ್ಮ ಆ ಕಾರ್ಡು ಹಿಡಿದು ತಾಲೂಕು ಕಚೇರಿಗೆ ಹೋದರು. “ಫೋಟೋ ಎಲ್ಲ ರೆಕಾರ್ಡ್ ಆಗ್ತದಾ ಮೇಡಂ?” ಎಂದು ನಕ್ಕವರ ಎದುರೇ ಬೆಂಚಿನಲ್ಲಿ ಕೂತು, ಮುಂದಿನ ಸೋಮವಾರವೂ ಕೂತು, ಹದಿನಾಲ್ಕು ತಿಂಗಳು ಕೂತು, ಕಡೆಗೆ ಓಣಿಯ ಸರ್ವೆ ವಿಚಾರಣೆ ನಡೆಯುವಂತೆ ಮಾಡಿದರು.

ಅದೇ ಬೀದಿಯ ಬಾಡಿಗೆದಾರನಾಗಿದ್ದ ನಾನೂ ವಿಚಾರಣೆಯ ದಿನ ಜೊತೆಗಿದ್ದೆ. ಅವರು ಕಾರ್ಡುಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿದರು. ಕೊನೆಯದರಲ್ಲಿ ಅವರದೇ ಮನೆ. ಅದರ ಮುಂದೆ ಬೀದಿ ಈಗಿನದಕ್ಕಿಂತ ಮೂರಡಿ ಅಗಲ. ಮಗಳು ಕೂತು ಚಿತ್ರ ಬರೆಯಲೆಂದು ತಂದೆ ಆಮೇಲೆ ಕಟ್ಟಿಸಿದ್ದ ಕಲ್ಲಿನ ಜಗಲಿ ಆ ಮೂರಡಿಯನ್ನು ನುಂಗಿತ್ತು. ನಾನು ಗಾಬರಿಯಿಂದ ಪಿಸುಗುಟ್ಟಿದೆ: “ಅದನ್ನ ಯಾಕೆ ತೆಗೀತೀರಿ?”

“ಹತ್ತು ನಿಜ ಆದ್ರೆ ಹನ್ನೊಂದನೇದೂ ನಿಜವೇ ಅಲ್ವಾ ಮಾರಾಯ?”

ಯಾರ ಆದೇಶಕ್ಕೂ ಕಾಯದೆ ಮರುವಾರವೇ ಜಗಲಿ ಒಡೆಸಿದರು. ಮೊದಲ ಕಲ್ಲು ಏಳುವಾಗ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಹೊರಬಂದಾಗ ಕಣ್ಣು ಕೆಂಪಾಗಿತ್ತು, ಕೈಯಲ್ಲಿ ಕೆಲಸದವರಿಗೆ ಕಾಫಿ ಇತ್ತು. ವಿಘ್ನೇಶ್ವರ ಎದುರಿನಿಂದ ನೋಡುತ್ತಲೇ ಇದ್ದರು. ಮೂರನೆಯ ದಿನ ಅವರೇ ಬಂದು ಓಣಿಯ ಬೀಗ ತೆಗೆದರು. ಗೇಟು ಮಾತ್ರ ಕೀಳಲಿಲ್ಲ. ಅದಕ್ಕಾಗಿ ತ್ರಿಪುರಸುಂದರಮ್ಮ ಇನ್ನೂ ಐದು ತಿಂಗಳು ಸೋಮವಾರ ತಪ್ಪಿಸಲಿಲ್ಲ, ಕೀಳಿಸಿಯೇ ಬಿಟ್ಟರು.

ಹಳೆಯದನ್ನು ಕೂಡಿಡುವವರು ಊರೂರಲ್ಲೂ ಸಿಗುತ್ತಾರೆ. ಬಹುಪಾಲು ಜನ ಅದರಲ್ಲಿ ಅರಸುವುದು ತಮ್ಮ ಮನೆತನದ ಹಿರಿಮೆಯನ್ನು. ತಮ್ಮ ವಿರುದ್ಧದ ಸಾಕ್ಷಿಯನ್ನೂ ಅಷ್ಟೇ ಜೋಪಾನವಾಗಿ ಕಾಯುವವರು ವಿರಳ. ಅಂಥವರು ನೆಂಟರಿಗೆ ಹಠಮಾರಿಗಳು, ಅಧಿಕಾರಿಗಳಿಗೆ ತಲೆನೋವು, ನೆರೆಹೊರೆಗೆ ಮುಜುಗರ. ಆದರೂ ಬಡವರು ತಲೆಯೆತ್ತಿ ನಡೆಯುವ ದಾರಿಗಳು ಲೋಕದಲ್ಲಿ ಇನ್ನೂ ಉಳಿದಿದ್ದರೆ ಅದು ಬಹುಶಃ ಅವರಿಂದಲೇ.