ಹೊಸ್ತಿಲ ಲೆಕ್ಕ

ಭೂಮಾಪಕನ ಮನೆಯಲ್ಲಿ ಸಂಜೆಯ ಊಟಕ್ಕೆ ಕೂರುವ ಮೊದಲು ಮಕ್ಕಳು ಒಂದು ಬಾಯಿಲೆಕ್ಕ ಮಾಡಬೇಕಿತ್ತು. ಊಟದ ಕೋಣೆಗೆ ಇದ್ದದ್ದು ಒಂದೇ ಬಾಗಿಲು. ತಂದೆ ಒಳಗೆ ಮೇಜಿನ ತುದಿಯಲ್ಲಿ ಕೂತು ಲೆಕ್ಕ ಹೇಳುತ್ತಿದ್ದ. ಮಕ್ಕಳು ಹೊರಗಿನ ಹಜಾರದಲ್ಲಿ ನಿಂತು ಕೇಳುತ್ತಿದ್ದರು. ಉತ್ತರ ಬಂದವರು ಹೊಸ್ತಿಲು ದಾಟಬಹುದು. ಬಾರದವರು ಬರುವವರೆಗೆ ಅಲ್ಲೇ ನಿಲ್ಲಬೇಕು. ಬೈಗುಳವಿರಲಿಲ್ಲ, ಏಟಿರಲಿಲ್ಲ. ತಾನು ಓದಿದ ಶಾಲೆಯ ಗಣಿತದ ಮೇಷ್ಟ್ರಿಂದ ಅವನು ಈ ಪದ್ಧತಿಯನ್ನು ಹಾಗೆಯೇ ಎತ್ತಿಕೊಂಡು ಬಂದಿದ್ದ. ತನ್ನ ಬಾಲ್ಯದಿಂದ ಮಕ್ಕಳಿಗೆ ಕೊಡಬಹುದಾದದ್ದು ಇದಕ್ಕಿಂತ ಒಳ್ಳೆಯದು ಬೇರೆ ಯಾವುದೂ ಇಲ್ಲವೆಂದು ಅವನ ನಂಬಿಕೆ.

ಆ ಸಂಜೆ ಅವನ ಅವಳಿ ಅಕ್ಕ ಬೇರೆ ಊರಿನಿಂದ ಬಂದಿದ್ದಳು. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಆ ಮೇಷ್ಟ್ರಿಗೆ ಸನ್ಮಾನ ಸಭೆ ಏರ್ಪಡಿಸಿದ್ದರು. ಅಕ್ಕ ತಮ್ಮ ಇಬ್ಬರೂ ಅವರ ಒಂದೇ ತರಗತಿಯಲ್ಲಿ ಓದಿದವರು. ಅವಳೀಗ ದೊಡ್ಡ ಆಸ್ಪತ್ರೆಯೊಂದರಲ್ಲಿ ಹಿರಿಯ ನರ್ಸು.

ಮಗ ತಂದೆಯ ಮಾತು ಮುಗಿಯುವ ಮೊದಲೇ ಉತ್ತರ ಹೇಳಿ ಕುರ್ಚಿ ಎಳೆದುಕೊಂಡ. ಅವನ ತಂಗಿ ಚಿಕ್ಕವಳು. ಅವಳಿಗೆ ಬೇರೆ ಲೆಕ್ಕ.

“ಒಂದು ಹಗ್ಗ ಇದೆ ಕಂದ. ಅದನ್ನ ನಾಲ್ಕು ತುಂಡು ಮಾಡಬೇಕು. ಎಷ್ಟು ಸಲ ಕತ್ತರಿಸಬೇಕು?”

“ನಾಲ್ಕು.”

“ಇನ್ನೊಂದು ಸಲ ಯೋಚನೆ ಮಾಡು.”

ಹುಡುಗಿ ಬಾಗಿಲಿನ ಚೌಕಟ್ಟಿಗೆ ಒಂದು ಭುಜ ಆನಿಸಿ, ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು ನಿಂತಳು. ಹಜಾರದ ದೀಪ ಹಾಕಿರಲಿಲ್ಲ.

“ವಾಚ್‌ಮನ್ ಡ್ಯೂಟಿ ಶುರು,” ಎಂದ ಅಣ್ಣ.

“ಬಾಯಿ ಮುಚ್ಕೊಂಡು ತಿನ್ನು,” ಎಂದಳು ತಾಯಿ. ಆಮೇಲೆ ಗಂಡನ ಕಡೆ ತಿರುಗಿ, “ಅನ್ನ ಆರ್ತಿದೆ ರೀ,” ಎಂದಳು.

“ಆರಲಿ ಬಿಡು. ನಮ್ಮ ಮೇಷ್ಟ್ರ ಕಾಲದಲ್ಲಿ ಉತ್ತರ ಬರದವರು ಮಳೆ ಹನಿ ಮೈಮೇಲೆ ಬೀಳ್ತಿದ್ರೂ ಶಾಲೆ ಜಗಲೀಲಿ ನಿಂತಿರ್ತಿದ್ರು. ಒಳಗೆ ಬಂದಾಗ ಗೆದ್ದೆವು ಅನ್ನಿಸ್ತಿತ್ತು. ಅಲ್ವೇನಕ್ಕಾ?”

ಅಕ್ಕನ ಕಣ್ಣು ಬಾಗಿಲ ಕಡೆಗಿತ್ತು.

“ಇವತ್ತು ಶಾಲೆಯಿಂದ ಕರೆದಿದ್ರು,” ಎಂದಳು ತಾಯಿ, ಇಷ್ಟು ಹೊತ್ತು ಹೇಳಬೇಕೋ ಬೇಡವೋ ಎಂದು ತೂಗುತ್ತಿದ್ದವಳಂತೆ. “ಬೆಳಿಗ್ಗೆ ಎಲ್ಲಾ ಮಕ್ಕಳೂ ಕ್ಲಾಸಿಗೆ ಹೋದ್ರೂ ಇವಳು ಬಾಗಿಲಲ್ಲೇ ನಿಂತಿರ್ತಾಳಂತೆ. ಯಾರೂ ನಿಲ್ಲಿಸಿಲ್ಲ. ಯಾಕೆ ಅಂತ ಕೇಳಿದ್ರೆ, ಇನ್ನೂ ನನ್ನ ಕರೆದಿಲ್ಲ ಅಂತಾಳಂತೆ. ಟೀಚರ್ ಕೈ ಹಿಡಿದು ಒಳಗೆ ಕರ್ಕೊಂಡು ಹೋದ್ರೆ ಅಳ್ತಾಳಂತೆ. ಹೀಗೇ ಆದ್ರೆ ಕೆಳಗಿನ ತರಗತಿಗೆ ಹಾಕ್ತೀವಿ ಅಂದ್ರು.”

“ನಾಚಿಕೆ ಸ್ವಭಾವ. ಸರಿ ಹೋಗುತ್ತೆ.”

“ನಿಮಗೆ ಎಲ್ಲವೂ ತಾನಾಗೇ ಸರಿ ಹೋಗುತ್ತೆ.”

ಹೊರಗಿನಿಂದ “ಮೂರು” ಎಂಬ ದನಿ ಬಂದಾಗ ಉಳಿದವರ ಊಟ ಮುಗಿಯುತ್ತ ಬಂದಿತ್ತು. ತಂದೆ ಎದ್ದು ಹೋಗಿ ಮಗಳ ತಲೆ ನೇವರಿಸಿ ಕರೆತಂದ. ಆ ಪ್ರೀತಿ ಸುಳ್ಳಾಗಿರಲಿಲ್ಲ. ಹುಡುಗಿ ಕೂತು ತಣ್ಣಗಿನ ಅನ್ನ ತಿಂದಳು. ಆದರೆ ಅವಳು ತಟ್ಟೆಯನ್ನು ನೋಡದೆ ತಾನು ಬಿಟ್ಟುಬಂದ ಜಾಗವನ್ನು ನೋಡುತ್ತಿದ್ದಳು, ಅಲ್ಲಿ ಇನ್ನೂ ಯಾರೋ ನಿಂತಿದ್ದಾರೆ ಎಂಬಂತೆ. ಅವಳ ಅತ್ತೆಯೂ ಅಲ್ಲಿಗೇ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ಅಕ್ಕ ತಮ್ಮ ಇಬ್ಬರೂ ಮೇಷ್ಟ್ರನ್ನು ಸಭೆಗೆ ಕರೆಯಲು ಹೊರಟರು. ಮನೆ ದೂರವಿರಲಿಲ್ಲ, ನಡೆದೇ ಹೋದರು. ಅಂಗಡಿಗಳ ಬಾಗಿಲುಗಳನ್ನು ಒಂದೊಂದಾಗಿ ತೆರೆಯುತ್ತಿದ್ದರು.

“ಭಾಷಣ ಬರೆದಾಯ್ತಾ?” ಎಂದಳು ಅಕ್ಕ.

“ಬರೆಯೋದೇನಿದೆ? ಹೊಸ್ತಿಲ ಲೆಕ್ಕದ ಕಥೆ ಹೇಳಿದ್ರೆ ಸಭೆ ಎಲ್ಲಾ ನಗುತ್ತೆ. ಗುಂಡುಪಿನ್ನು ಮುಂದಿನ ಸಾಲಲ್ಲಿ ಕೂತು ಕರ್ಚೀಫ್ ತೆಗೀತಾನೆ.” ಸಣ್ಣ ಮೈಯ ಮೇಲೆ ದೊಡ್ಡ ತಲೆ ಹೊತ್ತಿದ್ದ ಹುಡುಗನಿಗೆ ತರಗತಿ ಇಟ್ಟ ಹೆಸರು ಅದು. ಅವನೀಗ ಮುದ್ರಣಾಲಯದ ಮಾಲೀಕ. ಸಭೆಯ ಓಡಾಟವೆಲ್ಲ ಅವನದೇ. “ಅವನಿಗೆ ಈಗ ತಲೆಗೆ ತಕ್ಕ ಹೊಟ್ಟೆ ಬಂದಿದೆ. ನೀನು ನೋಡಿದ್ರೆ ಗುರುತು ಹಿಡಿಯಲ್ಲ.”

ಅಕ್ಕ ನಕ್ಕಳು. ಇಬ್ಬರೂ ಸ್ವಲ್ಪ ದೂರ ಹಳೆಯ ಹೆಸರುಗಳನ್ನು ಹೇಳಿಕೊಂಡು ನಕ್ಕರು. ತೊದಲುತ್ತಿದ್ದರೂ ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದ ‘ರೇಡಿಯೊ’, ಮಧ್ಯಾಹ್ನದ ಗಂಟೆ ಹೊಡೆಯುವ ಮೊದಲೇ ಡಬ್ಬಿ ಖಾಲಿ ಮಾಡುತ್ತಿದ್ದ ‘ಇಲಿಮರಿ’, ಸೀಮೆಸುಣ್ಣದ ಪುಡಿ ಹತ್ತಿ ಮೇಷ್ಟ್ರ ಕಿವಿ ಬೆಳ್ಳಗಾಗುತ್ತಿದ್ದದ್ದು. ಆ ದಿನಗಳು ಅವಳಿಗೂ ಬೇಡವಾಗಿರಲಿಲ್ಲ.

“ಗುಂಡುಪಿನ್ನು ಒಳಗಿದ್ದವನು,” ಎಂದಳು ಆಮೇಲೆ. “ಒಳಗೆ ಕೂತವರಿಗೆ ಅದು ಕಥೆ ಕಣೋ.”

“ಮೇಷ್ಟ್ರು ಯಾವತ್ತೂ ಕೈ ಎತ್ತಿದವರಲ್ಲ. ಪಕ್ಕದ ಕ್ಲಾಸಲ್ಲಿ ಬೆತ್ತದ ಸದ್ದು ಕೇಳ್ತಿತ್ತು, ನೆನಪಿದೆಯಾ? ನಿನಗೆ ಜ್ವರ ಬಂದಾಗ ಮನೆಗೆ ಬಂದು ನೋಡ್ಕೊಂಡು ಹೋದ್ರು. ನಾನು ಇವತ್ತು ಈ ಕೆಲಸದಲ್ಲಿದ್ದೀನಿ ಅಂದ್ರೆ ಅವರ ಬಾಯಿಲೆಕ್ಕದಿಂದ.”

“ಅದರಲ್ಲಿ ಒಂದೂ ಸುಳ್ಳಿಲ್ಲ. ಹೊಡೆದಿದ್ರೆ ಆವತ್ತಿಗೆ ಮುಗೀತಿತ್ತೇನೋ ಅಂತ ಎಷ್ಟೋ ಸಲ ಅನ್ನಿಸಿದೆ ನಂಗೆ.”

“ನಿನಗೇನು ಕೆಟ್ಟಿತು ಹೇಳು. ಇಷ್ಟು ದೊಡ್ಡ ಕೆಲಸದಲ್ಲಿದ್ದೀಯ.”

“ಔಷಧದ ಲೆಕ್ಕದಲ್ಲಿ ಒಂದು ದಿನವೂ ತಪ್ಪಿಲ್ಲ ನಾನು. ವಾರ್ಡಿನ ಬಾಗಿಲಲ್ಲಿ ಮಾತ್ರ ಪ್ರತಿ ಸಲ ನಿಂತು ಹೋಗ್ತೀನಿ. ಯಾರಾದ್ರೂ ಕರೀಲಿ ಅಂತ. ಅಲ್ಲಿನ ಹುಡುಗೀರು, ಸಿಸ್ಟರ್ ಒಳಗೆ ಬರೋ ಮೊದಲು ಪ್ರಾರ್ಥನೆ ಮಾಡ್ತಾರೆ ಅಂದ್ಕೊಂಡಿದ್ದಾರೆ. ಅಂದ್ಕೊಳ್ಳಲಿ ಅಂತ ನಾನೂ ಸುಮ್ಮನಿದ್ದೀನಿ.”

ತಮ್ಮ ನಕ್ಕ. ಅವಳು ನಗಲಿಲ್ಲ.

“ನಿನ್ನ ಮಗಳು ನಿನ್ನೆ ಭುಜ ಆನಿಸಿ, ಕಾಲಮೇಲೆ ಕಾಲಿಟ್ಟು ನಿಂತಿದ್ಲು. ನಾನು ಜಗಲೀಲಿ ಹಾಗೇ ನಿಲ್ತಿದ್ದೆ. ಅವಳಿಗೆ ಯಾರು ಹೇಳಿಕೊಟ್ರು ಅದನ್ನ?”

ಅಷ್ಟರಲ್ಲಿ ಮೇಷ್ಟ್ರ ಮನೆ ಬಂದಿತ್ತು.

ಬಾಗಿಲು ತೆರೆದೇ ಇತ್ತು. ಮೇಷ್ಟ್ರ ಸೊಸೆ ಹೊರಗೆ ಬಂದು, “ಬನ್ನಿ, ಮಾವ ಎದ್ದಿದ್ದಾರೆ,” ಎಂದಳು. “ನೆನಪು ಮಾತ್ರ ಅಷ್ಟಕ್ಕಷ್ಟೆ. ಒಂದೊಂದು ದಿನ ನನ್ನನ್ನೇ ಯಾರಮ್ಮಾ ನೀನು ಅಂತಾರೆ.”

ಮೇಷ್ಟ್ರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದರು. ಮುಖ ಕುಗ್ಗಿತ್ತು; ಕಣ್ಣು ಮಾತ್ರ ಅಂದಿನದೇ, ಯಾರನ್ನೂ ಗದರಿಸದ ಕಣ್ಣು. ಭೂಮಾಪಕ ಒಳಗೆ ಹೋಗಿ ಕಾಲಿನ ಬಳಿ ಸ್ಟೂಲು ಎಳೆದು ಕೂತ. ತನ್ನ ಹೆಸರು ಹೇಳಿದ, ಶಾಲೆಯ ಹೆಸರು ಹೇಳಿದ, ಗುಂಡುಪಿನ್ನಿನ ಹೆಸರನ್ನೂ ಹೇಳಿದ. ಮುದುಕರು ಎಲ್ಲಕ್ಕೂ ತಲೆಯಾಡಿಸಿದರು. ಏನೂ ಹತ್ತಿದಂತೆ ಕಾಣಲಿಲ್ಲ. ಎಲ್ಲ ಲೆಕ್ಕಕ್ಕೂ ಮೊದಲು ಕೈಯೆತ್ತುತ್ತಿದ್ದವನ ನೆನಪು ಅವರಲ್ಲಿ ಉಳಿದಿರಲಿಲ್ಲ.

ಆಮೇಲೆ ಅವರು ಬಾಗಿಲ ಕಡೆ ತಿರುಗಿದರು.

ಅಕ್ಕ ಇನ್ನೂ ಒಳಗೆ ಬಂದಿರಲಿಲ್ಲ. ಹಿಂದಿನಿಂದ ಬಿಸಿಲು ಬೀಳುತ್ತಿದ್ದರಿಂದ ಅವಳ ಮುಖ ಕಾಣುತ್ತಿರಲಿಲ್ಲ. ಚೌಕಟ್ಟಿಗೆ ಆನಿಸಿದ ಭುಜ ಕಾಣುತ್ತಿತ್ತು. ಮುದುಕರ ಬೆನ್ನು ನೆಟ್ಟಗಾಯಿತು. ದನಿ ಎಲ್ಲಿಂದಲೋ ಎದ್ದು ಬಂತು, ತರಗತಿಯ ಕೊನೆಯ ಬೆಂಚಿಗೆ ಮುಟ್ಟುವಷ್ಟು.

“ಒಂದು ತೊಟ್ಟಿಗೆ ಎರಡು ನಲ್ಲಿ. ಒಂದೇ ಬಿಟ್ರೆ ಮೂರು ಗಂಟೇಲಿ ತುಂಬುತ್ತೆ. ಇನ್ನೊಂದೇ ಬಿಟ್ರೆ ಆರು ಗಂಟೆ. ಎರಡೂ ಬಿಟ್ರೆ?”

ಸೊಸೆ ನಕ್ಕಳು. “ನೋಡಿ, ಹೀಗೆ. ಬನ್ನಿ ಅಮ್ಮ, ಒಳಗೆ ಬನ್ನಿ.”

ಅಕ್ಕ ಅಲುಗಲಿಲ್ಲ.

ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಭೂಮಾಪಕನ ನಾಲಿಗೆಗೆ ಬಂದಿತ್ತು. ಜೀವಮಾನವಿಡೀ ಅವನಿಗೆ ಸುಖ ಕೊಟ್ಟಿದ್ದು ಅದೇ, ಉತ್ತರ ಹಾಗೆ ಬಂದು ನಿಲ್ಲುವುದು. ಅವನು ಆ ಸುಖದಲ್ಲೇ ತಿರುಗಿ ಅಕ್ಕನನ್ನು ನೋಡಿದ. ಅವಳ ಬೆರಳುಗಳು ಸೆರಗಿನ ಅಂಚನ್ನು ಸುತ್ತುತ್ತಿದ್ದವು, ಬಿಚ್ಚುತ್ತಿದ್ದವು. ತುಟಿ ಅಲ್ಲಾಡುತ್ತಿತ್ತು. ಇಡೀ ವಾರ್ಡನ್ನು ನಡೆಸುವವಳು, ಮುಂದಲೆ ನರೆತವಳು, ಅಲ್ಲಿ ನಿಂತು ಹುಡುಕುತ್ತಿದ್ದಳು. ಶಾಲೆಯ ಜಗಲಿಗೆ ಹತ್ತಿರದ ಬೆಂಚಿನಲ್ಲಿ ಅಷ್ಟು ವರ್ಷ ಕೂತಿದ್ದರೂ ತಾನು ಒಮ್ಮೆಯೂ ಹೀಗೆ ತಿರುಗಿ ನೋಡಿರಲಿಲ್ಲ ಎಂಬುದು ಅವನಿಗೆ ಹೊಳೆಯಿತು.

ಮೇಷ್ಟ್ರು ಕಾಯುತ್ತಿದ್ದರು. ಮುಖದ ತುಂಬ ವಾತ್ಸಲ್ಯವಿತ್ತು.

“ಉತ್ತರ ಬಂದಿಲ್ಲ ಸಾರ್,” ಎಂದಳು ಅಕ್ಕ. ಅದು ಅವಳ ಈಗಿನ ದನಿಯಲ್ಲ.

“ಬರುತ್ತೆ ಮಗು, ಬರುತ್ತೆ. ಬಂದಾಗ ಬಾ.”

ಅಷ್ಟು ಹೇಳಿ ಅವರು ಕಿಟಕಿಯ ಕಡೆ ತಿರುಗಿದರು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಒಬ್ಬರು ನಿಂತಿರುವುದೇ ಅವರಿಗೆ ಮರೆತಂತಾಯಿತು. ಭೂಮಾಪಕ ಆಮಂತ್ರಣವನ್ನು ಸೊಸೆಯ ಕೈಗೆ ಕೊಟ್ಟು, ಹೇಗೋ ಮಾತು ಮುಗಿಸಿ ಹೊರಬಂದ. ಅಕ್ಕ ಕೊನೆಗೂ ಆ ಮನೆಯ ಒಳಗೆ ಕಾಲಿಡಲಿಲ್ಲ.

ಹಿಂದಿರುಗುವ ದಾರಿಯಲ್ಲಿ ಬೀದಿಯ ತಿರುವೊಂದರಲ್ಲಿ, ಬೀಗ ರಿಪೇರಿಯ ಅಂಗಡಿಯ ಮುಂದೆ, ಅವಳು ತಟ್ಟನೆ ನಿಂತಳು.

“ಎರಡು ಗಂಟೆ,” ಎಂದಳು.

“ಹೌದು.”

“ಈಗ ಬಂತು ನೋಡು.”

ಅವನು ಅವಳ ಮುಖ ನೋಡಲಾರದೆ, “ನಾನು ಭಾಷಣ ಮಾಡಲ್ಲ ಅಕ್ಕ,” ಎಂದ.

“ಮಾಡು. ಒಳ್ಳೆಯವರು ಅಂತಲೇ ಹೇಳು. ಒಳ್ಳೆಯವರೇ ಅಲ್ವೇನೋ ಅವರು? ಅದಕ್ಕೇ ಅಲ್ವಾ ಹೊರಗೆ ನಿಂತ ನಾವ್ಯಾರೂ ಮನೇಲಿ ಬಾಯಿ ಬಿಡದೆ ಇದ್ದದ್ದು?”

ಸಂಜೆ ಊಟದ ಕೋಣೆಯಲ್ಲಿ ತಟ್ಟೆಗಳನ್ನು ಹಾಕಿಯಾಗಿತ್ತು. ಮಗ ಬಂದು ಹೊಸ್ತಿಲಲ್ಲಿ ನಿಂತು ತಂದೆಯ ಬಾಯಿ ನೋಡಿದ.

“ಬಾ, ಕೂತ್ಕೊ.”

“ಲೆಕ್ಕ?”

“ಇಲ್ಲ.”

ಹುಡುಗ ಭುಜ ಹಾರಿಸಿ ಒಳಗೆ ಬಂದ. ಅವನಿಗೆ ಸ್ವಲ್ಪ ನಿರಾಶೆಯೇ ಆಗಿತ್ತು. ಹಿಂದೆಯೇ ಬಂದ ಹುಡುಗಿ ತನ್ನ ಜಾಗದಲ್ಲಿ, ಚೌಕಟ್ಟಿಗೆ ಆನಿಕೊಂಡು ನಿಂತಳು.

“ನೀನೂ ಬಾ ಕಂದ. ಇವತ್ತು ಲೆಕ್ಕ ಇಲ್ಲ.”

ಅವಳು ಬರಲಿಲ್ಲ.

“ಇನ್ಮೇಲೆ ಇರಲ್ಲ. ಬಾ.”

“ನಂಗೆ ಒಂದು ಲೆಕ್ಕ ಹೇಳಿ ಅಪ್ಪ.”

“ಬೇಡ ಅಂದೆನಲ್ಲ.”

“ಸುಲಭದ್ದೇ ಹೇಳಿ. ನಂಗೆ ಬರಲ್ಲ ಅಂತ ಲೆಕ್ಕ ಹೇಳ್ತಿಲ್ವಾ?”

ತಾಯಿ ಎದ್ದು ಹೋಗಲು ನೋಡಿದಳು. ಅತ್ತೆ ಅವಳ ಮುಂಗೈ ಹಿಡಿದು ಕೂರಿಸಿದಳು. ಹುಡುಗಿಯನ್ನು ಅಲ್ಲಿ ನಿಲ್ಲಿಸಿದವನು ತಂದೆ, ಒಳಗೆ ಕರೆತರುವುದು ತಾಯಿಯ ಕೈಯಲ್ಲಿ ಆಗುವ ಕೆಲಸವಲ್ಲವೆಂದು ಅವಳಿಗೆ ಗೊತ್ತಿತ್ತು.

ಭೂಮಾಪಕ ಎದ್ದ. ಹೊಸ್ತಿಲು ದಾಟಿ ಹೊರಗೆ ಬಂದು ಮಗಳ ಪಕ್ಕದಲ್ಲಿ, ಚೌಕಟ್ಟಿನ ಇನ್ನೊಂದು ಬದಿಗೆ ನಿಂತ. ಹಜಾರ ಕತ್ತಲಾಗಿತ್ತು, ಹಿಂದಿನ ಗೋಡೆಯಿಂದ ಬರುವ ತಂಪು ಬೆನ್ನಿಗೆ ತಗಲುತ್ತಿತ್ತು. ಇಲ್ಲಿಂದ ನೋಡಿದರೆ ಒಳಗಿನ ಬೆಳಕು ಬೇರೆ ಯಾರದೋ ಮನೆಯದಂತಿತ್ತು. ಮೇಜು, ಹಬೆಯಾಡುವ ಪಾತ್ರೆ, ಹೆಂಡತಿ, ಮಗ, ಅಕ್ಕ. ಅವರ ನಡುವೆ ತಾನು ಕೂರುವ ಕುರ್ಚಿ ನೇರ ಬಾಗಿಲಿಗೆ ಎದುರಾಗಿ ಇತ್ತು. ಅದು ಖಾಲಿಯಿದ್ದರೂ ಅಲ್ಲಿಂದ ಯಾರೋ ತನ್ನನ್ನೇ ನೋಡುತ್ತಿರುವಂತೆ ಅವನಿಗೆ ಅನ್ನಿಸಿತು.

“ಈಗ ನಾನೂ ಹೊರಗಿದ್ದೀನಿ,” ಎಂದ ತಗ್ಗಿದ ದನಿಯಲ್ಲಿ. “ನಂಗೆ ನೀನು ಒಂದು ಲೆಕ್ಕ ಹೇಳು.”

ಹುಡುಗಿ ಅವನನ್ನು ಅನುಮಾನದಿಂದ ನೋಡಿದಳು. ಬಹಳ ಹೊತ್ತು ಯೋಚಿಸಿದಳು.

“ಒಂದು ಚೀಲದ ತುಂಬಾ ಪೆನ್ಸಿಲ್ ಇದೆ. ನಾನು ಕ್ಲಾಸಲ್ಲಿ ಎಲ್ಲರಿಗೂ ಕೊಟ್ಟೆ. ಎಷ್ಟು ಉಳೀತು?”

“ಚೀಲದಲ್ಲಿ ಎಷ್ಟಿತ್ತು?”

“ತುಂಬಾ.”

“ಒಬ್ಬೊಬ್ಬರಿಗೆ ಎಷ್ಟು ಕೊಟ್ಟೆ?”

“ಬೇಕಾದಷ್ಟು.”

ಮೇಜಿನಿಂದ ಅಣ್ಣ, “ಅದಕ್ಕೆ ಉತ್ತರಾನೇ ಇಲ್ಲ ಕಣೇ,” ಎಂದ. ಅತ್ತೆ ಅವನ ಕಡೆ ಒಂದು ನೋಟ ಹರಿಸಿದಳು. ಅವನು ತಟ್ಟೆ ನೋಡಿದ.

ಭೂಮಾಪಕ ಉತ್ತರ ಹುಡುಕಿದ. ಹುಡುಕಿದಂತೆ ನಟಿಸಲಿಲ್ಲ. ಅಭ್ಯಾಸಬಲದಿಂದ ಮನಸ್ಸು ತಾನಾಗಿ ಓಡಿತು, ಹಿಡಿಯಲು ಏನೂ ಸಿಗದೆ ಮರಳಿತು, ಮತ್ತೆ ಓಡಿತು. ಒಳಗೆ ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಕೈ ಏನನ್ನೋ ಹಿಡಿಯಬೇಕೆಂದು ಅಂಗಿಯ ಗುಂಡಿಗೆ ಹೋಯಿತು.

“ಬರ್ತಿಲ್ಲ ಕಂದ,” ಎಂದ.

“ನಿಜವಾಗಿಯೂ?”

“ನಿಜವಾಗಿಯೂ.”

ಹುಡುಗಿ ಅವನ ಮುಖವನ್ನು ಪರೀಕ್ಷಿಸಿದಳು. ಅಲ್ಲಿ ಅವಳಿಗೆ ಗುರುತಿನದೇನೋ ಕಂಡಿರಬೇಕು. ಚೌಕಟ್ಟಿನಿಂದ ಭುಜ ತೆಗೆದು, ಬಂದು ಅವನ ಬೆರಳು ಹಿಡಿದಳು.

“ಪರವಾಗಿಲ್ಲ ಬನ್ನಿ,” ಎಂದಳು. “ಊಟ ಮಾಡೋಣ.”

ಅವಳು ಹೊಸ್ತಿಲು ದಾಟಿದಳು. ಹಿಂದೆ ನಿಂತದ್ದು ಅವನು. ಒಂದು ಕ್ಷಣ ಕಾಲು ಏಳಲಿಲ್ಲ. ಹುಡುಗಿ ತಿರುಗಿ ನೋಡಿ, ಇನ್ನಷ್ಟು ಗಟ್ಟಿಯಾಗಿ ಹಿಡಿದು, ಒಳಗೆ ಎಳೆದುಕೊಂಡಳು.