ಶೀನಪ್ಪನ ಅನ್ನದ ದಾರಿ

ಕಾಂತಿ ದೂಮಣ್ಣನ ಕೈಯಿಂದ ತುಳಸಿ ನೀರಿನ ತಂಬಿಗೆ ಕಿತ್ತುಕೊಂಡಳು. ಸತ್ತು ಮಲಗಿದ ಗಂಡ ಶೀನಪ್ಪನ ಬಾಯಿಗೆ ನೀರು ಬಿಡುವ ಹೊತ್ತಿನಲ್ಲಿ ಅವನ ಅಣ್ಣ ಭಾಷಣ ಶುರು ಮಾಡಿದ್ದ. ದೂಮಣ್ಣ ವೇಣೂರಿನಲ್ಲಿ ಕೆಮ್ಮಿದರೆ ಮೂಡುಬಿದಿರೆಯಲ್ಲಿ ಬಸ್ಸು ನಿಲ್ಲುತ್ತದೆ, ಅಂಥ ಸ್ವರ.

"ನಾನು ಆಗಲೇ ಬೇಡ ಹೇಳಿದ್ದೆ. ದೇವರು ಕೊಟ್ಟ ಗಂಟಲಿನೊಳಗೆ ಕತ್ತಿ ಹಾಕಿಸಿದಳು. ಈಗ ನೋಡಿ!"

"ಭಾವ, ನಿಮ್ಮ ತಮ್ಮ ಹೋದದ್ದು ಹೃದಯ ನಿಂತು. ಡಾಕ್ಟರು ನಿಮ್ಮ ಎದುರೇ ಹೇಳಿದ್ರಲ್ಲ?"

"ಎದೆಗೂ ಗಂಟಲಿಗೂ ಎಷ್ಟು ದೂರ ಉಂಟು?"

ಅಂಗಳದ ತುದಿಯಲ್ಲಿ ನಿಂತಿದ್ದ ಹಸ್ನಾಳ ಮುಖ ಬಿಳಿಚಿತು. ಬಂಟ್ವಾಳದ ಈ ಹುಡುಗಿಗೂ ಶೀನಪ್ಪನದೇ ಕಾಯಿಲೆ, ನುಂಗಿದ್ದು ಹೊಟ್ಟೆಗೆ ಇಳಿಯದ ಅಕಲೇಸಿಯಾ. ಶೀನಪ್ಪ ತಪಾಸಣೆಗೆ ಹೋದಾಗ ಆಸ್ಪತ್ರೆಯ ಬೆಂಚಿನಲ್ಲಿ ಆದ ಪರಿಚಯ. ಅಂದು ಸಂಜೆ ಮಂಗಳೂರಿನಲ್ಲಿ ಭರ್ತಿಯಾಗಿ, ಮರುದಿನ ಅದೇ ಚಿಕಿತ್ಸೆ ಮಾಡಿಸಿಕೊಳ್ಳಬೇಕಿತ್ತು. ಅವಳು ಗಂಡ ನಿಝಾಮುದ್ದೀನನ ತೋಳು ಜಗ್ಗಿ, "ನನಗೆ ಬೇಡ, ಮನೆಗೆ ಹೋಗುವ" ಎಂದದ್ದು ಕಾಂತಿಗೆ ಕೇಳಿಸಿತು.

*

ಶೀನಪ್ಪನ ಮೈಕ್ ಸೆಟ್ ಇಲ್ಲದೆ ಬೆಳ್ತಂಗಡಿ ತಾಲೂಕಿನಲ್ಲಿ ಮದುವೆಯೇ ಆಗುತ್ತಿರಲಿಲ್ಲ. ಮದುಮಗ ತಾಳಿ ಹಿಡಿದು ಅವನ 'ಹಲೋ ಹಲೋ'ಗೆ ಕಾಯುತ್ತಿದ್ದ. ಆದರೆ ಶೀನಪ್ಪ ಊಟದ ಪಂಕ್ತಿಯಲ್ಲಿ ಕೂರುತ್ತಿರಲಿಲ್ಲ. ಸ್ಪೀಕರಿನ ಹಿಂದೆ ನಿಂತು ಉಣ್ಣುವುದು. ತುತ್ತು ಎದೆಯ ನಡುವೆ ಸಿಕ್ಕಿಕೊಂಡರೆ ಎರಡೂ ಕೈ ಎತ್ತಿ ಕುಪ್ಪಳಿಸಿ, ಒಂದು ಬಾವಿ ನೀರು ಕುಡಿದು ಕೆಳಗೆ ದೂಡುವುದು. ಮಲಗಿದರೆ ಉಂಡದ್ದು ಮೂಗಿಗೆ ಬರುತ್ತಿತ್ತು. ನಿದ್ದೆಯೂ ಕುರ್ಚಿಯಲ್ಲೇ.

ಇದು ಸತ್ತ ಅಜ್ಜನ ಕೋಪವೆಂದು ದೂಮಣ್ಣ ಎಲೆ ಹಾಕಿ ಅಜ್ಜನಿಗೆ ಕೋಳಿ ಬಡಿಸಿದ. ಅಜ್ಜ ಅಲ್ಲಿ ದಪ್ಪಗಾಗಿರಬೇಕು. ಶೀನಪ್ಪ ಇಲ್ಲಿ ಮೈಕಿನ ಕಂಬವಾದ.

ಕೊನೆಗೆ ಕಾಂತಿಯೇ ಅವನನ್ನು ಎಳೆದುಕೊಂಡು ಮಂಗಳೂರಿಗೆ ಹೋದಳು. ಬಾಯಿಯಿಂದ ಎಂಡೋಸ್ಕೋಪಿಯ ಕೊಳವೆ ಇಳಿಸಿ, ಅನ್ನನಾಳದ ಬುಡದಲ್ಲಿ ಬಿಗಿದಿದ್ದ ಸ್ನಾಯುವನ್ನು ಒಳಗಿಂದಲೇ ಸೀಳಿದರು. ಹೊರಗೆ ಒಂದು ಗೀರೂ ಇಲ್ಲ. ಗುಣವಾದ ಮೇಲಿನ ಮೊದಲ ಮದುವೆಯಲ್ಲಿ ಶೀನಪ್ಪ ಮೊದಲ ಪಂಕ್ತಿಯಲ್ಲೇ ಕೂತ. ಅವನು ಗರಿಗರಿ ಕೋರಿ ರೊಟ್ಟಿ ಕಡಿದ ಸದ್ದಿಗೆ ಬಂಟ್ವಾಳದ ನಾಯಿಗಳು ಎದ್ದು ಕೂತವು. ಎದೆಯುರಿ ಶುರುವಾಯಿತು, ನಿಜ. ಅದಕ್ಕೆ ದಿನಾ ಮಾತ್ರೆ.

"ನುಂಗ್ಲಿಕ್ಕೆ ಆಗ್ತದಲ್ಲ ಮಾರಾಯ್ತಿ, ಬುಟ್ಟಿಗಟ್ಟಲೆ ಕೊಡು!" ಎನ್ನುತ್ತಿದ್ದ.

*

ಕಾಂತಿ ಗಂಡನ ತುಟಿಗೆ ನೀರು ಬಿಟ್ಟು ನೇರ ಅಂಗಳಕ್ಕೆ ಇಳಿದಳು.

"ಹಸ್ನಾ, ನಿಲ್ಲು. ಇವರು ಇಷ್ಟು ವರ್ಷ ಹೊಟ್ಟೆ ತುಂಬ ಉಂಡು ಹೋದದ್ದು. ಭಾವನ ಮಾತು ಕೇಳಿದ್ರೆ ಅನ್ನದ ಎದುರು ಹಸಿದು ಸಾಯ್ತಿದ್ರು."

"ಹೆದರಿಕೆ ಆಗ್ತದೆ ಕಾಂತಿಯಕ್ಕ. ಶೀನಪ್ಪಣ್ಣ ಜೊತೆಗೆ ಬರ್ತೇನೆ ಹೇಳಿದ್ರು. ಈಗ ಅವರೇ ಇಲ್ಲ."

"ನಾನಿದ್ದೇನಲ್ಲ. ಸಂಜೆ ನಾನು ಬರ್ತೇನೆ."

ಅಳುತ್ತಿದ್ದವರೂ ಅಳು ನಿಲ್ಲಿಸಿದರು.

"ಸೂತಕ!" ದೂಮಣ್ಣ ಗುಡುಗಿದ. "ಗಂಡನ ಬೊಜ್ಜ, ಉತ್ತರಕ್ರಿಯೆ ಆಗದೆ ಹೆಂಗಸು ಹೊಸಿಲು ದಾಟ್ಲಿಕ್ಕುಂಟಾ? ಊರಿಗೆ ಏನು ಹೇಳುವುದು?"

"ನೀವೇ ಹೇಳಿ ಭಾವ. ನಿಮಗೆ ಮೈಕ್ ಬೇಡ."

ಗುಡ್ಡೆಯ ಬದಿಯಲ್ಲಿ ಚಿತೆ ಹತ್ತಿಕೊಂಡ ಮೇಲೆ ಕಾಂತಿ ಸ್ನಾನ ಮುಗಿಸಿ, ಕೂದಲು ಕೂಡ ಒರೆಸದೆ ಕಾರಿನ ಹಿಂದಿನ ಸೀಟಿನಲ್ಲಿ ಹಸ್ನಾಳ ಪಕ್ಕ ಕೂತಳು. ದೂಮಣ್ಣ ಕಾರಿಗೆ ಅಡ್ಡ ಕೈ ಕಟ್ಟಿ ನಿಂತಿದ್ದ. ಸ್ಟೀರಿಂಗ್ ಹಿಡಿದಿದ್ದ ನಿಝಾಮುದ್ದೀನ ಎಂಜಿನ್ ಶುರು ಮಾಡಿ ಕಾಂತಿಯ ಕಡೆ ತಿರುಗಿದ.

ಕಾಂತಿ ಎರಡು ಸೀಟುಗಳ ನಡುವಿನಿಂದ ಮುಂದಕ್ಕೆ ಬಾಗಿ, ತಾನೇ ಹಾರ್ನ್ ಒತ್ತಿ ಹಿಡಿದಳು. ಚಿತೆಯ ಸುತ್ತ ನಿಂತವರೆಲ್ಲ ತಿರುಗಿ ನೋಡಿದರು. ಅವಳ ಕೂದಲಿನ ನೀರು ನಿಝಾಮುದ್ದೀನನ ತೋಳಿಗೆ ತೊಟ್ಟಿಕ್ಕುತ್ತಿತ್ತು. ದೂಮಣ್ಣ ಮುಂಡು ಎತ್ತಿ ಕಟ್ಟಿ ಪಕ್ಕಕ್ಕೆ ಸರಿದರೂ ಅವಳು ಕೈ ತೆಗೆಯಲಿಲ್ಲ.